ರಜೆ ಕಾಯಿಲೆ

ನನಗೆ ಸಿಟ್ಟು ಜಾಸ್ತಿ ಅಂತ ಎಲ್ಲರೂ ಹೇಳ್ತಾರೆ. ಹೌದಪ್ಪಾ, ಜಾಸ್ತೀನೇ. ಒಂದೇ ಆರೋಗ್ಯ ಕೇಂದ್ರದಲ್ಲಿ ಇಪ್ಪತ್ತಾರು ವರ್ಷ ನರ್ಸ್ ಆಗಿದ್ದೂ ಸಿಟ್ಟು ಬರದೇ ಇರೋರು ಯಾರಾದರೂ ಇದ್ದರೆ ಕರ್ಕೊಂಡು ಬನ್ನಿ, ಮೊದಲು ಅವರ ನಾಡಿ ನೋಡ್ತೀನಿ. ಆದರೆ ಈ ಸಲದ ಸಿಟ್ಟು ಬೇರೆ ಥರದ್ದು. ಯಾರ ಮೇಲೆ ತೀರಿಸ್ಕೊಬೇಕು ಅಂತಾನೇ ಗೊತ್ತಾಗ್ತಿಲ್ಲ. ಪಟ್ಟಿ ಮಾಡ್ತಾ ಹೋದರೆ ಮೊದಲನೇ ಹೆಸರು ನನ್ನದೇ ಬರುತ್ತೆ.

ನಮ್ಮ ಕೇಂದ್ರ ಇರೋದು ನೂಲಿನ ಗಿರಣಿಯ ಹಿಂದಿನ ಬೀದಿಯಲ್ಲಿ. ಎರಡು ಕೋಣೆ, ಮುಂದೆ ಒಂದು ವರಾಂಡ, ವರಾಂಡದಲ್ಲಿ ಒಂದು ಕಾಲು ಅಲ್ಲಾಡೋ ಬೆಂಚು. ಗಿರಣಿಯ ಸೈರನ್ ಕೂಗಿದರೆ ನಮ್ಮ ಔಷಧಿ ಬೀರುವಿನ ಗಾಜು ಗಡಗಡ ಅನ್ನುತ್ತೆ. ಮೊದಲೆಲ್ಲ ಮೇಲಿನೋರು ನಮ್ಮನ್ನ ಕೇಳ್ತಿದ್ದ ಲೆಕ್ಕ ಒಂದೇ, ಈ ತಿಂಗಳು ಎಷ್ಟು ರೋಗಿಗಳಿಗೆ ಔಷಧಿ ಕೊಟ್ಟಿರಿ ಅಂತ. ನಾಲ್ಕು ವರ್ಷದ ಹಿಂದೆ ಹೊಸ ಪದ್ಧತಿ ಬಂತು. ಈಗ ಕೇಳೋದು, ಎಷ್ಟು ಜನ ರೋಗಿಗಳಾಗದ ಹಾಗೆ ನೋಡ್ಕೊಂಡಿರಿ ಅಂತ. ಕೇಳಿದ ದಿನ ನನಗೆ ಆದ ಖುಷಿ ಹೇಳೋಕಾಗಲ್ಲ. ಅಬ್ಬಾ, ಕಡೆಗೂ ಯಾರಿಗೋ ಬುದ್ಧಿ ಬಂತು ಅಂದ್ಕೊಂಡೆ. ಈಗಲೂ ಹೇಳ್ತೀನಿ, ಆ ಯೋಚನೆ ಮಾಡಿದವರು ಯಾರೋ ಪುಣ್ಯಾತ್ಮರೇ.

ಅದರ ಜೊತೆಗೇ ಒಂದು ನಿಯಮ ಬಂತು. ಧೂಳಿನಲ್ಲಿ ಕೆಲಸ ಮಾಡೋ ಪ್ರತಿಯೊಬ್ಬರ ಉಸಿರನ್ನೂ ವರ್ಷಕ್ಕೊಂದು ಸಲ ಅಳೀಬೇಕು. ಕೆಲಸಕ್ಕೆ ಒಳಗೆ ಹೋಗೋ ಮುಂಚೆ ಒಂದು ಸಲ, ಕೆಲಸ ಮುಗಿಸಿ ಹೊರಗೆ ಬಂದಾಗ ಇನ್ನೊಂದು ಸಲ. ಒಂದು ಕೊಳವೆ ಇದೆ, ಜೋರಾಗಿ ಊದಿದರೆ ಅದರೊಳಗಿನ ಕೆಂಪು ಮುಳ್ಳು ಓಡಿ ಹೋಗಿ ಒಂದು ಸಂಖ್ಯೆ ಮೇಲೆ ನಿಲ್ಲುತ್ತೆ. ಬೆಳಗಿನದಕ್ಕೂ ಸಂಜೆಯದಕ್ಕೂ ನೂರಕ್ಕೆ ಹತ್ತಕ್ಕಿಂತ ಜಾಸ್ತಿ ಇಳಿದಿದ್ದರೆ ಗಿರಣಿಯವರು ಆ ಮನುಷ್ಯನನ್ನ ಧೂಳಿಲ್ಲದ ವಿಭಾಗಕ್ಕೆ ಹಾಕಬೇಕು. ಅದೇ ಸಂಬಳಕ್ಕೆ. ಬೇರೆ ಮಾತಿಲ್ಲ. ಕಾಯಿಲೆ ಬಲಿಯೋ ಮುಂಚೆ ಮನುಷ್ಯನನ್ನ ಅಲ್ಲಿಂದ ಎಬ್ಬಿಸೋ ನಿಯಮ. ಇದಕ್ಕಿಂತ ಇನ್ನೇನು ಬೇಕು ಹೇಳಿ?

ನನಗೆ ಬೇಕಾಗಿದ್ದೂ ಅದೇ. ಯಾಕಂದರೆ ನನ್ನ ತಂಗಿ ಅದೇ ಗಿರಣಿಯಲ್ಲಿ ಹತ್ತಿ ಹಿಂಜೋ ವಿಭಾಗದಲ್ಲಿದ್ದಾಳೆ. ನನಗಿಂತ ಎಂಟು ವರ್ಷ ಚಿಕ್ಕೋಳು. ಗಂಡ ತೀರಿಕೊಂಡು ಆರು ವರ್ಷ, ಎರಡು ಹೆಣ್ಣುಮಕ್ಕಳು ಓದ್ತಿದ್ದಾವೆ. ಕೆಲಸ ಬಿಡು ಅನ್ನೋಕೆ ನನಗೆ ಬಾಯಿಲ್ಲ. ಆ ವಿಭಾಗ ನೀವು ನೋಡಬೇಕು. ಮೂಟೆ ಬಿಚ್ಚಿದ ಹತ್ತಿಯನ್ನ ಯಂತ್ರ ಬಾಚುತ್ತೆ, ಬಾಚಿದಾಗ ಏಳೋ ಧೂಳು ದೀಪದ ಸುತ್ತ ನಿಂತೇ ಇರುತ್ತೆ. ಹೊರಗೆ ಬಂದಾಗ ಅವಳ ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗೆ. 'ಮುದುಕಿ ಬಂದ್ಳು' ಅಂತ ನಾನು ರೇಗಿಸ್ತಿದ್ದೆ. ಪ್ಯಾಕಿಂಗ್ ವಿಭಾಗ ಅಂತ ಒಂದಿದೆ, ಗಿರಣಿಯ ಇನ್ನೊಂದು ತುದಿಯಲ್ಲಿ. ಕಿಟಕಿ ಇದೆ, ನೆಲ ಒರೆಸಿದ ಹಾಗೆ ಇರುತ್ತೆ. ಅವಳು ಅಲ್ಲಿಗೆ ಹೋಗಬೇಕು ಅನ್ನೋದಷ್ಟೇ ನನ್ನ ಆಸೆ.

ಮೂರು ವರ್ಷ ಪರೀಕ್ಷೆ ಮಾಡಿದೆ. ವರ್ಷವರ್ಷವೂ ಇನ್ನೂರ ಹದಿನಾಲ್ಕು ಜನ, ಬೆಳಿಗ್ಗೆ ಗೇಟಿನ ಹತ್ತಿರ ಮೇಜು ಹಾಕ್ಕೊಂಡು ಕೂತರೆ ಸಂಜೆ ಸೊಂಟ ಹಿಡ್ಕೊಂಡೇ ಏಳೋದು. ಮೂರು ವರ್ಷವೂ ಹೆಚ್ಚುಕಮ್ಮಿ ಎಲ್ಲ ಹಸಿರು, ಅಂದರೆ ಪಾಸ್. ಎಲ್ಲೋ ಒಂದು ನಾಲ್ಕು ಜನ ಕೆಂಪು ಬಂದರು, ಅವರೆಲ್ಲ ಹೊಗೆ ಸೇದೋ ಹಳಬರು. ನನ್ನ ತಂಗಿ ಮೂರು ಸಲವೂ ಹಸಿರು. ನಾನು ಹಲ್ಲು ಕಿಸ್ಕೊಂಡು ಖುಷಿಪಟ್ಟೆ. ಸುತ್ತಿನ ಹದಿನೆಂಟು ಕೇಂದ್ರಗಳಲ್ಲಿ ನಮ್ಮದೇ ಮೊದಲು ಅಂತ ಒಂದು ಪ್ರಮಾಣಪತ್ರ ಬಂತು, ಡಾಕ್ಟ್ರು ಅದಕ್ಕೆ ಗಾಜು ಹಾಕಿಸಿದರು.

ಈಗ ಆ ಗಿರಣಿ ಕೆಲಸಗಾರರ ಒಂದು ವಿಷಯ ಹೇಳಬೇಕು. ಹಿಂಜೋ ವಿಭಾಗದಲ್ಲಿ 'ರಜೆ ಕಾಯಿಲೆ' ಅಂತ ಒಂದು ಮಾತಿದೆ. ಭಾನುವಾರ ರಜೆ ತಗೊಂಡು ಸೋಮವಾರ ಕೆಲಸಕ್ಕೆ ಹೋದರೆ ಸಂಜೆ ಹೊತ್ತಿಗೆ ಎದೆ ಕಟ್ಟುತ್ತೆ. ಮಂಗಳವಾರ ಸ್ವಲ್ಪ ಕಮ್ಮಿ. ಶನಿವಾರದ ಹೊತ್ತಿಗೆ ಏನೂ ಇಲ್ಲ. ಹಾಗಾದರೆ ಕಾಯಿಲೆ ತಂದಿದ್ದು ಯಾವುದು? ರಜೆ! ಮನೇಲಿ ಕೂತರೆ ಎದೆ ಸೋಮಾರಿ ಆಗುತ್ತೆ ಅಂತ ಹಳಬರು ಹೊಸಬರಿಗೆ ಹೇಳಿಕೊಡ್ತಾರೆ. ಅದಕ್ಕೇ ಎಷ್ಟೋ ಜನ ಭಾನುವಾರವೂ ಓವರ್‌ಟೈಮ್ ಅಂತ ಹೋಗಿಬಿಡ್ತಾರೆ. ಗಿರಣಿಯವರಿಗೂ ಅದೇ ತಾನೇ ಬೇಕಾಗಿರೋದು?

ಈ ಮಾತು ನನ್ನ ಕಿವಿಗೆ ಇಪ್ಪತ್ತು ವರ್ಷದಿಂದ ಬಿದ್ದಿದೆ. ನಾನು ಏನಂದ್ಕೊಂಡೆ ಗೊತ್ತಾ? ಸೋಮವಾರ ಕೆಲಸಕ್ಕೆ ಹೋಗೋಕೆ ಯಾರಿಗೆ ಮನಸ್ಸಿರುತ್ತೆ, ಅದಕ್ಕೊಂದು ಹೆಸರಿಟ್ಟಿದ್ದಾರೆ ಅಂತ. 'ನನಗೂ ಇದೆ ಕಣ್ರಪ್ಪಾ ಆ ಕಾಯಿಲೆ' ಅಂತ ಅವರ ಜೊತೆ ಸೇರ್ಕೊಂಡು ನಕ್ಕಿದ್ದೀನಿ. ನರ್ಸ್ ಅಂತೆ ನಾನು!

ಹೋದ ವರ್ಷ ಒಂದು ಸೋಮವಾರ ಸಂಜೆ ತಂಗಿಯ ದೊಡ್ಡ ಮಗಳ ಕಣ್ಣಿಗೆ ಹಾಕೋ ಔಷಧಿ ಕೊಡೋಣ ಅಂತ ಅವರ ಮನೆಗೆ ಹೋದೆ. ಮನೆ ಇರೋದು ಎರಡನೇ ಮಹಡಿಯಲ್ಲಿ. ನೋಡಿದರೆ ಇವಳು ಮೊದಲನೇ ಮಹಡಿ ಮೆಟ್ಟಿಲ ಮೇಲೆ ಕೂತಿದ್ದಾಳೆ, ತರಕಾರಿ ಚೀಲ ತೊಡೆ ಮೇಲೆ ಇಟ್ಕೊಂಡು.

"ಯಾಕೇ ಇಲ್ಲಿ ಕೂತಿದ್ದೀಯ?"

"ಸುಮ್ನೆ ಅಕ್ಕಾ. ನೀನು ನಡಿ, ಬಂದೆ."

"ಬಾ, ಜೊತೆಗೇ ಹೋಗೋಣ."

ಅವಳು ಎರಡು ಕೈಯಲ್ಲೂ ಮೆಟ್ಟಿಲ ಅಂಚು ಹಿಡ್ಕೊಂಡು, ಭುಜ ಏರಿಸಿ ಏರಿಸಿ ಉಸಿರೆಳೀತಿದ್ದಳು. ಆಮೇಲೆ ಬಿಟ್ಟು ಬಿಟ್ಟು ಹೇಳಿದಳು, "ರಜೆ ಕಾಯಿಲೆ ಅಕ್ಕಾ. ನಿನ್ನೆ ಮಕ್ಕಳ ಜೊತೆ ಮನೇಲಿದ್ದೆ. ಹೋಗಬೇಕಿತ್ತು. ನಂದೇ ತಪ್ಪು."

ನನ್ನ ಚೀಲದಲ್ಲಿ ಊದೋ ಕೊಳವೆ ಇತ್ತು, ಅಲ್ಲೇ ಊದಿಸಿದೆ. ಇನ್ನೂರ ಎಂಬತ್ತು. ಅವಳದ್ದು ಯಾವಾಗಲೂ ನಾನೂರರ ಆಸುಪಾಸು. ಕೊಳವೆ ಕೆಟ್ಟಿದೆ ಅಂತ ನಾನೇ ಊದಿ ನೋಡಿದೆ, ಸರಿಯಾಗೇ ಇತ್ತು. ಇನ್ನೊಂದು ಸಲ ಊದಿಸಿದೆ. ಇನ್ನೂರ ಎಪ್ಪತ್ತೈದು.

ಮಾರನೇ ದಿನ ಬೀರುವಿನ ಕೆಳಗಿನ ಅರೆಯಿಂದ ಆ ಕೊಳವೆ ಜೊತೆ ಬಂದಿದ್ದ ಕೈಪಿಡಿ ತೆಗೆದೆ. ಪ್ಲಾಸ್ಟಿಕ್ ಕವರ್ ಇನ್ನೂ ಹರಿದಿರಲಿಲ್ಲ. ನಾಚಿಕೆ ಆಗುತ್ತೆ ಹೇಳೋಕೆ, ಆದರೂ ಹೇಳ್ತೀನಿ. ಹನ್ನೊಂದನೇ ಪುಟದಲ್ಲಿ ಅಚ್ಚುಕಟ್ಟಾಗಿ ಬರೆದಿತ್ತು. ಹತ್ತಿ ಧೂಳಿನಲ್ಲಿ ಕೆಲಸ ಮಾಡುವವರ ಪರೀಕ್ಷೆಯನ್ನು ವಾರದ ರಜೆ ಮುಗಿದ ಮೊದಲ ದಿನವೇ ಮಾಡತಕ್ಕದ್ದು. ದಿನಗಳು ಕಳೆದಂತೆ ದೇಹ ಧೂಳಿಗೆ ಒಗ್ಗಿ ಲಕ್ಷಣ ಮರೆಯಾಗುತ್ತದೆ. ಇಷ್ಟೇ. ಎರಡು ವಾಕ್ಯ. ಈಗಲೇ ಧೂಳು ಬಿಟ್ಟರೆ ಎದೆ ಸರಿಹೋಗುತ್ತೆ, ವರ್ಷಾನುಗಟ್ಟಲೆ ಬಿಡದೇ ಇದ್ದರೆ ಹೋದ ಉಸಿರು ವಾಪಸ್ ಬರಲ್ಲ ಅಂತಲೂ ಅದರ ಕೆಳಗೆ ಇತ್ತು. ಅಂದರೆ ವಾರದ ಏಳು ದಿನವೂ ಅವಳಿಗೆ ಸೋಮವಾರ ಆಗುತ್ತೆ.

ಮತ್ತೆ ನಾವು ಪರೀಕ್ಷೆ ಮಾಡ್ತಿದ್ದದ್ದು ಯಾವತ್ತು? ಶನಿವಾರ. ಮೂರು ವರ್ಷವೂ ಶನಿವಾರ.

ಶನಿವಾರ ಅಂತ ಗೊತ್ತು ಮಾಡಿದವರು ಯಾರು ಅಂತ ಕೇಳಿ. ಗಿರಣಿಯವರಲ್ಲ. ಮೇಲಿನ ಕಚೇರಿಯವರಲ್ಲ. ನಾನು. ದಿನ ನಿಮಗೆ ಬಿಟ್ಟಿದ್ದು ಅಂತ ಸುತ್ತೋಲೆಯಲ್ಲಿ ಇತ್ತು. ಸೋಮವಾರ ಕೇಂದ್ರದಲ್ಲಿ ಕಾಲಿಡೋಕೆ ಜಾಗ ಇರಲ್ಲ. ಶನಿವಾರ ಹಿಂಜೋ ವಿಭಾಗ ಬೇಗ ಬಿಡ್ತಾರೆ, ಕೊನೇ ಪರೀಕ್ಷೆ ಮುಗಿಸಿ ತಂಗಿ ಜೊತೆ ಮಾತಾಡ್ಕೊಂಡು ಮನೆಗೆ ಹೋಗಬಹುದು. ಅಷ್ಟೇ ಕಾರಣ. ಅವಳ ಜೊತೆ ಅರ್ಧ ಗಂಟೆ ನಡೆಯೋ ಆಸೆಗೆ ಇನ್ನೂರ ಹದಿನಾಲ್ಕು ಜನರ ಎದೆಗೆ ಹಸಿರು ಬಳಿದೆ ನಾನು.

ಇದನ್ನ ಆಗ ಅವಳಿಗೆ ಹೇಳಲಿಲ್ಲ. ಮೊದಲು ಸರಿ ಮಾಡೋಣ, ಆಮೇಲೆ ಹೇಳೋಣ ಅಂದ್ಕೊಂಡೆ. ಡಾಕ್ಟ್ರ ಹತ್ತಿರ ಹೋದೆ. ನಮ್ಮ ಡಾಕ್ಟ್ರು ಕೆಟ್ಟವರಲ್ಲ, ಆದರೆ 'ನೋಡೋಣ' ಅನ್ನೋ ಪದ ಬಿಟ್ಟರೆ ಅವರಿಗೆ ಬೇರೆ ಪದ ಬರಲ್ಲ. 'ಸೋಮವಾರಕ್ಕೆ ಬದಲಾಯಿಸೋಣ ಸಾರ್' ಅಂದರೆ 'ನೋಡೋಣ'. 'ಕೈಪಿಡೀಲೇ ಇದೆ ಸಾರ್' ಅಂದರೆ 'ನೋಡೋಣ ಸಿಸ್ಟರಮ್ಮ'. ಒಂದು ತಿಂಗಳು ನೋಡಿದರು. ಕಡೆಗೆ ನಾನೇ ಮೇಲಿನ ಕಚೇರಿಗೆ ಹೋದೆ. ಅಲ್ಲಿ ಒಬ್ಬರು ಅಧಿಕಾರಿ ಇದ್ದಾರೆ, ನಾವೆಲ್ಲ ಅವರನ್ನ ನಕ್ಷೆ ಸಾಹೇಬ್ರು ಅಂತೀವಿ. ಏನು ಹೇಳಿದರೂ ಗೋಡೆ ಮೇಲಿನ ಬಣ್ಣಬಣ್ಣದ ನಕ್ಷೆ ಕಡೆ ಕೈ ತೋರಿಸಿಯೇ ಮಾತು ಶುರು ಮಾಡೋದು.

"ನಿಮ್ಮ ಕೇಂದ್ರ ನೋಡಿ, ಎಷ್ಟು ಹಸಿರಾಗಿದೆ! ಇದನ್ನ ಯಾಕೆ ಕೆಡಿಸ್ಕೋತೀರ?" ಅಂದರು.

"ಅದು ಹಸಿರಲ್ಲ ಸಾರ್, ಪಾಚಿ," ಅಂದೆ.

ಪಕ್ಕದ ಮೇಜಿನ ಗುಮಾಸ್ತೆ ಕಿಸಕ್ ಅಂತ ನಕ್ಕಳು. ಸಾಹೇಬ್ರು ನಗಲಿಲ್ಲ, ಆದರೆ ಕೈಪಿಡಿಯ ಪುಟ ಓದಿದರು. ಎರಡು ಸಲ ಓದಿದರು. ಆಮೇಲೆ ಈ ವರ್ಷದ ಪರೀಕ್ಷೆಯನ್ನ ಸೋಮವಾರ ಮಾಡೋಕೆ ಒಪ್ಪಿಗೆ ಬರೆದುಕೊಟ್ಟರು. ನಾನು ಬಸ್ಸಿನಲ್ಲಿ ವಾಪಸ್ ಬರುವಾಗ ಗೆದ್ದೆ ಅಂದ್ಕೊಂಡೆ.

ಪರೀಕ್ಷೆ ತಾರೀಖನ್ನ ಹದಿನೈದು ದಿನ ಮೊದಲೇ ಗಿರಣಿ ಗೇಟಿಗೆ ಅಂಟಿಸಬೇಕು ಅಂತ ನಿಯಮ. ಅಂಟಿಸಿದೆವು. ಸೋಮವಾರ ಬೆಳಿಗ್ಗೆ ಮೇಜು ಹಾಕಿ ಕೂತೆ. ತಂಗಿ ಸಾಲಿನಲ್ಲಿ ಬಂದಳು, ಊದಿದಳು. ಮುನ್ನೂರ ಎಂಬತ್ತೈದು. ಸಂಜೆ ಗೇಟಿನ ಕಡೆಯೇ ನೋಡ್ತಾ ಕಾದೆ. ಸ್ವಂತ ತಂಗಿಯ ಉಸಿರು ಇಳೀಲಿ ಅಂತ ಕಾಯೋಳನ್ನ ನೀವು ಎಲ್ಲಾದರೂ ನೋಡಿದ್ದೀರಾ? ಬಂದಳು, ಊದಿದಳು. ಮುನ್ನೂರ ಎಪ್ಪತ್ತು.

"ಇನ್ನೊಂದು ಸಲ ಊದು."

ಮುನ್ನೂರ ಎಪ್ಪತ್ತು.

"ಪಾಸ್ ತಾನೇ?" ಅಂದಳು, ಮುಖ ಅರಳಿಸ್ಕೊಂಡು.

"ನಿನ್ನೆ ಎಲ್ಲಿದ್ದೆ ನೀನು?"

"ಕೆಲಸಕ್ಕೆ ಬಂದಿದ್ದೆ ಅಕ್ಕಾ. ಇಡೀ ವಿಭಾಗಕ್ಕೇ ಓವರ್‌ಟೈಮ್ ಕೊಟ್ಟಿದ್ದರು. ನಾಳೆ ಪರೀಕ್ಷೆ ಇದೆ, ರಜೆ ತಗೊಂಡು ಎದೆ ಕೆಡಿಸ್ಕೊಬೇಡಿ ಅಂತ ಮೇಸ್ತ್ರಿ ಎಲ್ಲರಿಗೂ ಹೇಳಿದರು. ಒಳ್ಳೇ ಮನುಷ್ಯ."

ಮೈಯೆಲ್ಲಾ ಉರಿದು ಹೋಯಿತು. ಅಲ್ಲೇ, ಗೇಟಿನ ಮುಂದೆ, ಇನ್ನೂರು ಜನರ ಎದುರಿಗೆ ಅವಳ ಮೇಲೆ ಹಾರಾಡಿದೆ. "ಒಳ್ಳೇ ಮನುಷ್ಯನಂತೆ, ಮಣ್ಣಾಂಗಟ್ಟಿ! ನಿನಗೆ ತಲೆ ಇದೆಯೇನೇ? ಫೇಲ್ ಆಗಬೇಕಿತ್ತು ಕಣೇ ನೀನು! ಫೇಲ್ ಆದರೆ ತಾನೇ ಪ್ಯಾಕಿಂಗ್‌ಗೆ ಹಾಕೋದು!"

"ಪರೀಕ್ಷೇಲಿ ಫೇಲ್ ಆಗು ಅಂತ ಯಾರಾದರೂ ಹೇಳ್ತಾರಾ ಅಕ್ಕಾ?" ಅಂದಳು. ಕಣ್ಣಲ್ಲಿ ನೀರು. "ನಿನ್ನ ಮರ್ಯಾದೆ ಉಳೀಲಿ ಅಂತಾನೇ ಹೋಗಿದ್ದು ನಾನು. ನಿನ್ನ ತಂಗೀನೇ ಕೆಂಪು ಬಂದರೆ ಜನ ಏನಂತಾರೆ?"

ಕಾಯಿಲೆ ಬರೋದು ರಜೆಯಿಂದಲ್ಲ, ಧೂಳಿನಿಂದ ಅಂತ ಅವಳಿಗೆ ಕೂರಿಸಿ ಬಿಡಿಸಿ ಹೇಳಿದ್ದೆನಾ? ಇಲ್ಲ. ಸೋಮವಾರ ಮಾಡಿಬಿಟ್ಟರೆ ಸಾಕು ಅಂದ್ಕೊಂಡಿದ್ದೆ. ಮೇಸ್ತ್ರಿಯನ್ನ ಹಿಡಿದು ಕೇಳಿದೆ. "ಜನರೇ ಕೇಳ್ಕೊಂಡು ಬರ್ತಾರಮ್ಮ, ನಾವು ಬಲವಂತ ಮಾಡಿಲ್ಲ," ಅಂದ. ಅವನ ಮಾತು ಸುಳ್ಳೂ ಅಲ್ಲ, ಅದೇ ನನ್ನ ಕರ್ಮ. ಆ ವರ್ಷವೂ ಇಡೀ ಗಿರಣಿ ಹಸಿರು.

ಅವತ್ತು ಸಂಜೆ ತಂಗಿಯ ಅಡುಗೆಮನೇಲಿ ಕೂತು ಕೈಪಿಡಿಯ ಆ ಪುಟ ಓದಿ ಹೇಳಿದೆ. ಅವಳು ಪಾತ್ರೆ ತೊಳೀತಾ ಕೇಳಿಸ್ಕೊಂಡಳು. ನಂಬೋಕೆ ಅವಳಿಗೆ ಕಷ್ಟ ಆಯಿತು. ಹನ್ನೆರಡು ವರ್ಷದಿಂದ ಅವಳ ಎದೆಯೇ ಅವಳಿಗೆ ಹೇಳಿಕೊಟ್ಟ ಪಾಠ ಅದು, ನಾನು ಒಂದು ಪುಟ ಹಿಡ್ಕೊಂಡು ಬಂದು ತಿರುಗಾ ಮುರುಗಾ ಮಾಡ್ತಿದ್ದೆ. "ಒಂದೇ ಒಂದು ಸಲ," ಅಂದೆ. "ಶನಿವಾರ ಸಂಜೆಯಿಂದ ಸೋಮವಾರ ಬೆಳಿಗ್ಗೆವರೆಗೆ ಗಿರಣಿ ಕಡೆ ತಲೆ ಹಾಕಬೇಡ. ಎದೆ ಕಟ್ಟುತ್ತೆ, ಕಟ್ಟಲಿ. ನಾನಿರ್ತೀನಿ." ಹೆದರ್ಕೊಂಡೇ ಒಪ್ಪಿದಳು.

ಮುಂದಿನ ಸೋಮವಾರ ಬೆಳಿಗ್ಗೆ ಮುನ್ನೂರ ತೊಂಬತ್ತೈದು. ಸಂಜೆ ಇನ್ನೂರ ಎಂಬತ್ತು. ಕಾಲು ಭಾಗಕ್ಕಿಂತ ಜಾಸ್ತಿ ಹೋಗಿತ್ತು. ಕೇಂದ್ರದ ಬೆಂಚಿನ ಮೇಲೆ ಮುಂದಕ್ಕೆ ಬಾಗಿ ಕೂತ್ಕೊಂಡಿದ್ದಳು, ಅವಳ ಬೆನ್ನು ನೇವರಿಸ್ತಾ ನಾನು ಸಂಖ್ಯೆ ಬರೆದೆ. ಡಾಕ್ಟ್ರು ಬಂದು ನೋಡಿ ಈ ಸಲ 'ನೋಡೋಣ' ಅನ್ನಲಿಲ್ಲ, ಸಹಿ ಹಾಕಿದರು. ಅವತ್ತೇ ವರ್ಗಾವಣೆ ಅರ್ಜಿ ಕಳಿಸಿದೆವು.

ಮೂರು ವಾರಕ್ಕೆ ಉತ್ತರ ಬಂತು. ತಿರಸ್ಕೃತ. ಕಾರಣ, ಅರ್ಜಿದಾರರ ಹಿಂದಿನ ನಾಲ್ಕು ಪರೀಕ್ಷೆಗಳು ಸಾಮಾನ್ಯವಾಗಿದ್ದು, ಒಂದು ಪರೀಕ್ಷೆ ಮಾತ್ರ ವ್ಯತಿರಿಕ್ತವಾಗಿದೆ. ಐದೂ ಪರೀಕ್ಷೆಗಳು ಒಬ್ಬರೇ ಸಿಬ್ಬಂದಿಯಿಂದ ನಡೆದಿರುವುದನ್ನು ಗಮನಿಸಲಾಗಿದೆ. ಕೆಳಗೆ ನಾಲ್ಕು ಹಾಳೆಯ ನಕಲು ಲಗತ್ತಿಸಿದ್ದರು. ನಾಲ್ಕರಲ್ಲೂ ನನ್ನ ಸಹಿ, ಮುತ್ತು ಪೋಣಿಸಿದ ಹಾಗೆ.

ಮತ್ತೆ ಕಚೇರಿಗೆ ಓಡಿದೆ. ನಕ್ಷೆ ಸಾಹೇಬ್ರು ಈ ಸಲ ಗೋಡೆ ಕಡೆ ಕೈ ತೋರಿಸಲಿಲ್ಲ. "ನನಗೆ ಅರ್ಥ ಆಗುತ್ತೆ," ಅಂದರು. "ಆದರೆ ನಾಲ್ಕು ಕಾಗದ ಒಂದು ಕಡೆ, ಒಂದು ಕಾಗದ ಇನ್ನೊಂದು ಕಡೆ. ಆ ನಾಲ್ಕೂ ತಪ್ಪು ಅಂತ ಸಾಬೀತಾದರೆ ಮಾತ್ರ ಏನಾದರೂ ಮಾಡಬಹುದು. ತಪ್ಪು ಅಂತ ಹೇಳಬೇಕಾದವರು ನೀವೇ."

"ಬರೆದುಕೊಟ್ಟರೆ?"

"ಬರೆದುಕೊಡಿ. ಯಾಕೆ ತಪ್ಪಾಯಿತು ಅನ್ನೋದನ್ನೂ ಬರೀಬೇಕಾಗುತ್ತೆ."

ಡಾಕ್ಟ್ರು ಬೇಡ ಅಂದರು. "ಸಿಸ್ಟರಮ್ಮ, ನಿಮ್ಮ ಕೆಲಸಕ್ಕೇ ಸಂಚಕಾರ ಬರುತ್ತೆ. ನಿವೃತ್ತಿಗೆ ಇನ್ನು ನಾಲ್ಕು ವರ್ಷ. ಕೇಂದ್ರದ ಹೆಸರೂ ಹೋಗುತ್ತೆ. ಬೇರೆ ದಾರಿ ನೋಡೋಣ." ನಾನು ಅವರ ಮಾತು ಕಿವಿ ಮೇಲೆ ಹಾಕ್ಕೊಳ್ಳಲಿಲ್ಲ. ನನಗಿದ್ದ ಭಯ ಬೇರೆ. ಬರೆಯೋ ಮುಂಚೆ ತಂಗಿಗೆ ಹೇಳಬೇಕಿತ್ತು.

ಅವಳು ಬಟ್ಟೆ ಮಡಚ್ತಿದ್ದಳು. ಎದುರಿಗೆ ಕೂತು ಹೇಳಿಬಿಟ್ಟೆ, ಶನಿವಾರ ಅಂತ ಗೊತ್ತು ಮಾಡಿದ್ದು ನಾನೇ ಅಂತ, ನಿನ್ನ ಜೊತೆ ಮನೆಗೆ ಹೋಗಬಹುದಲ್ಲ ಅಂತ ಮಾಡಿದೆ ಅಂತ. ಅವಳು ಮಡಚ್ತಿದ್ದ ಲಂಗವನ್ನ ಹಾಗೇ ಕೈಯಲ್ಲಿ ಹಿಡ್ಕೊಂಡಳು.

"ಅಂದರೆ ಮೂರು ವರ್ಷದ ಹಿಂದೇನೇ ನಾನು ಪ್ಯಾಕಿಂಗ್‌ಗೆ ಹೋಗಿರಬಹುದಿತ್ತು?"

"ಹೂಂ."

"ಮೂರು ವರ್ಷ."

"ಹೂಂ ಕಣೇ."

ಬೈದಿದ್ದರೆ ನೆಮ್ಮದಿಯಾಗಿರೋದು. ಬೈಯಲಿಲ್ಲ. 'ಮಕ್ಕಳು ಬರೋ ಹೊತ್ತಾಯಿತು' ಅಂದಳು, ಅಷ್ಟೇ. ಆಮೇಲೆ ಹನ್ನೊಂದು ದಿನ ನನ್ನ ಜೊತೆ ಮಾತು ಬಿಟ್ಟಳು. ಫೋನ್ ಮಾಡಿದರೆ ಚಿಕ್ಕ ಮಗಳು ಎತ್ತಿ 'ಅಮ್ಮ ಸ್ನಾನಕ್ಕೆ ಹೋಗಿದ್ದಾಳೆ ದೊಡ್ಡಮ್ಮ' ಅನ್ನೋಳು. ಹನ್ನೊಂದು ದಿನವೂ ಸ್ನಾನ.

ಹೇಳಿಕೆ ಬರೆದೆ. ನಾಲ್ಕು ವರ್ಷದ ಪರೀಕ್ಷೆಗಳೂ ತಪ್ಪು, ಮೂರು ವರ್ಷದ್ದು ತಪ್ಪು ದಿನ ಮಾಡಿದ್ದು, ನಾಲ್ಕನೆಯದಕ್ಕೆ ಹಿಂದಿನ ದಿನ ರಜೆ ಇರಲಿಲ್ಲ, ದಿನ ಆರಿಸಿದ್ದು ನಾನು, ಕೈಪಿಡಿ ಓದಿರಲಿಲ್ಲ. ಏನನ್ನೂ ಮುಚ್ಚಿಡಲಿಲ್ಲ. ರಜೆ ಕಾಯಿಲೆ ಅನ್ನೋ ಮಾತನ್ನೂ ಬರೆದೆ. ಕೆಲಸದಿಂದ ತೆಗೀತಾರೆ ಅಂತ ಗಟ್ಟಿ ಮನಸ್ಸು ಮಾಡ್ಕೊಂಡೇ ಟಪಾಲು ಚೀಲಕ್ಕೆ ಹಾಕಿದೆ.

ತೆಗೆಯಲಿಲ್ಲ. ಎರಡು ತಿಂಗಳ ಮೇಲೆ ನಕ್ಷೆ ಸಾಹೇಬ್ರೇ ಫೋನ್ ಮಾಡಿದರು. ಸ್ವರದಲ್ಲಿ ಸಂಭ್ರಮ.

"ಅಭಿನಂದನೆ ಸಿಸ್ಟರಮ್ಮ! ನಿಮ್ಮ ಹೇಳಿಕೆ ಮೇಲಿನವರೆಗೂ ಹೋಯಿತು. ನಿಯಮಾನೇ ಬದಲಾಯಿತು. ಇನ್ಮೇಲೆ ಎಲ್ಲ ಹತ್ತಿ ಗಿರಣಿಗಳಲ್ಲೂ ರಜೆಯ ಮಾರನೇ ದಿನವೇ ಪರೀಕ್ಷೆ. ಮುಂಚಿನ ದಿನ ಓವರ್‌ಟೈಮ್ ಕೊಡೋ ಹಾಗಿಲ್ಲ. ಎಷ್ಟು ಸಾವಿರ ಜನಕ್ಕೆ ಉಪಕಾರ ಮಾಡಿದಿರಿ ಗೊತ್ತಾ?"

ನನ್ನ ಕಣ್ಣು ತುಂಬಿ ಬಂತು, ಸುಳ್ಳು ಹೇಳಲ್ಲ. "ನನ್ನ ತಂಗಿದು ಸಾರ್?" ಅಂದೆ.

"ಅದೇ ಸಿಸ್ಟರಮ್ಮ. ನಿಮ್ಮ ಕೇಂದ್ರದ ಪರೀಕ್ಷೆಗಳನ್ನೆಲ್ಲ ನಂಬೋ ಹಾಗಿಲ್ಲ ಅಂತ ನೀವೇ ಬರೆದಿರಲ್ಲ, ಹಾಗಾಗಿ ಎಲ್ಲವನ್ನೂ ದಾಖಲೆಯಿಂದ ತೆಗೆದುಹಾಕಿದ್ದಾರೆ."

"ನಾಲ್ಕನ್ನ ತಾನೇ?"

"ಐದನ್ನೂ. ಒಬ್ಬರೇ ಮಾಡಿದ್ದು, ಒಂದನ್ನ ಮಾತ್ರ ಹೇಗೆ ಉಳಿಸ್ಕೊಳ್ಳೋದು ಅಂತ. ಮತ್ತೆ ಹೊಸ ನಿಯಮದಲ್ಲಿ ವರ್ಗಾವಣೆಗೆ ಎರಡು ವರ್ಷದ ಸತತ ದಾಖಲೆ ಬೇಕು, ಆರು ತಿಂಗಳಿಗೊಂದು ಸಲ. ಒಂದೇ ಪರೀಕ್ಷೆ ಮೇಲೆ ತೀರ್ಮಾನ ಮಾಡಿದರೆ ತಪ್ಪಾಗುತ್ತೆ ಅನ್ನೋದನ್ನ ನಿಮ್ಮ ಕೇಂದ್ರದಿಂದಲೇ ಕಲಿತಿದ್ದು ನೋಡಿ. ಈಗಿಂದ ಶುರು ಮಾಡಿ. ಎರಡು ವರ್ಷ ಅನ್ನೋದು ಹೀಗೆ ಬಂದು ಹಾಗೆ ಹೋಗುತ್ತೆ."

ಫೋನ್ ಇಟ್ಟೆ. ಬಾಯಿಗೆ ಬಂದಿದ್ದನ್ನೆಲ್ಲ ಬೈದೆ, ಖಾಲಿ ಕೋಣೆಯಲ್ಲಿ, ತೂಕದ ಯಂತ್ರಕ್ಕೆ. ಯಾರನ್ನ ಬೈಯೋದು? ಸಾಹೇಬ್ರು ಹೇಳಿದ್ದರಲ್ಲಿ ಒಂದು ಮಾತೂ ಹುಚ್ಚುಮಾತಲ್ಲ. ಯಾವ ಗಿರಣಿಯಲ್ಲೋ ಯಾರೋ ಒಬ್ಬಳು ಮುಂದಿನ ವರ್ಷ ಸರಿಯಾದ ದಿನ ಊದ್ತಾಳೆ, ಅವಳಿಗೆ ಒಳ್ಳೇದಾಗುತ್ತೆ. ಆಗಲಿ. ಆದರೆ ಅವಳ ಹೆಸರು ನನಗೆ ಗೊತ್ತಿಲ್ಲ, ಅವಳ ಮೆಟ್ಟಿಲ ಮೇಲೆ ನಾನು ಕೂತಿಲ್ಲ.

ತಂಗಿಗೆ ಹೇಳಿದೆ. ಅಷ್ಟು ಹೊತ್ತಿಗೆ ಮಾತಿಗೆ ಬಂದಿದ್ದಳು. ಪೂರ್ತಿ ಕೇಳಿಸ್ಕೊಂಡು, "ಎಷ್ಟು ಗಂಟೆಗೆ ಬರಲಿ?" ಅಂದಳು.

ಮುಂದಿನ ಸೋಮವಾರ ಕೆಲಸಕ್ಕೆ ಹೋಗೋ ಮುಂಚೆ ಕೇಂದ್ರಕ್ಕೆ ಬಂದಳು. ಹೊಸ ನಿಯಮ ಬಂದಿದ್ದರೂ ಹಿಂದಿನ ದಿನ ಓವರ್‌ಟೈಮ್‌ಗೆ ಕರೆದಿದ್ದರಂತೆ, ಹೋಗಿರಲಿಲ್ಲ. ಮುನ್ನೂರ ಎಂಬತ್ತು. ಸಂಜೆ ರೆಪ್ಪೆ ಬೆಳ್ಳಗೆ ಮಾಡ್ಕೊಂಡು ವಾಪಸ್ ಬಂದಳು, ಬೆಂಚಿನ ಮೇಲೆ ಕೂತು ಸುಧಾರಿಸ್ಕೊಂಡಳು, ಊದಿದಳು. ಇನ್ನೂರ ಅರವತ್ತೈದು. ಹೊಸ ಪುಸ್ತಕದ ಮೊದಲನೇ ಪುಟ ತೆಗೆದು ನಾನು ಪೆನ್ನು ಹಿಡಿದೆ.

"ಎಷ್ಟು?" ಅಂದಳು.

"ಇನ್ನೂರ ಅರವತ್ತೈದು."

"ಹೋದ ಸಲ ಇನ್ನೂರ ಎಂಬತ್ತಿತ್ತು."

"ಹೂಂ."

"ಇನ್ನು ಆರು ತಿಂಗಳಿಗೆ ಸರಿಯಾಗಿ ನಾನೂರು ಬಂದುಬಿಟ್ಟರೆ?"

"ಬಂದರೆ ದೇವರು ದೊಡ್ಡೋನು," ಅಂದೆ.

"ದೇವರು ದೊಡ್ಡೋನು, ಅರ್ಜಿ ಹೋಯಿತು," ಅಂದಳು. "ಕಮ್ಮಿ ಬರ್ತಾ ಇದ್ದರೆ ತಾನೇ ಅವರು ಕೊಡೋದು? ಅಂದರೆ ಎರಡು ವರ್ಷ ನಾನು ಕೆಡ್ತಾನೇ ಇರಬೇಕು, ನೀನು ಬರೀತಾನೇ ಇರಬೇಕು. ಸರಿ ಹೇಳಿದ್ನಾ ಅಕ್ಕಾ?"

ನಾನು ಪೆನ್ನಿನ ಮುಚ್ಚಳ ತೆಗೆದೆ, ಮತ್ತೆ ಹಾಕಿದೆ.

"ಬರಿ," ಅಂದಳು ತಂಗಿ.

ಬರೆದೆ.